ಪಾತ್ರೆಗೆ ಹಾಕುವ ಮುಂಚೆ

ಮಗೂ, ಸಂಜೆಯ ಟೀ ಬಿಟ್ಟು ಕಷಾಯ ಕುಡಿಯಬೇಕು ಅಂತ ಮನಸ್ಸು ಮಾಡಿದ್ದೀಯಂತೆ. ಒಳ್ಳೆಯದೇ. ಇದರಲ್ಲಿ ಟೀ ಸೊಪ್ಪಿಲ್ಲ, ಹಾಗಾಗಿ ಕೆಫೀನೂ ಇಲ್ಲ; ರಾತ್ರಿ ಕುಡಿದರೂ ನಿದ್ದೆಗೆ ಕುತ್ತಿಲ್ಲ. ಗ್ರೀನ್ ಟೀ ಹಾಗಲ್ಲ, ಅದೂ ಟೀ ಗಿಡದ್ದೇ ಎಲೆ. ಕಷಾಯಪುಡಿಯ ದುಬಾರಿ ಡಬ್ಬಿ ಕೊಳ್ಳುವ ಮೊದಲು ಒಂದು ಮಾತು ಕೇಳು: ಪಾತ್ರೆಗೆ ಏನೇ ಹಾಕು, ಅದು ಯಾಕೆ, ಎಷ್ಟು ಅಂತ ನಿನಗೆ ಗೊತ್ತಿರಬೇಕು.

ಪುಡಿ ನೀನೇ ಮಾಡಿಕೋ. ನಮ್ಮ ಮಲೆನಾಡಿನ ಕಷಾಯಕ್ಕೆ ಕೊತ್ತಂಬರಿ ಬೀಜವೇ ಯಜಮಾನ. ಒಂದು ಲೋಟ ಕೊತ್ತಂಬರಿಗೆ ಅರ್ಧ ಲೋಟ ಜೀರಿಗೆ, ಎರಡು ಚಮಚ ಸೋಂಪು, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಮೆಂತ್ಯ, ನಾಲ್ಕು ಏಲಕ್ಕಿ, ಸಣ್ಣ ತುಂಡು ಒಣಶುಂಠಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡ. ಕೊತ್ತಂಬರಿ ಘಮ್ಮೆನ್ನುವ ಹೊತ್ತಿಗೆ ಜೀರಿಗೆ ಸೀದಿರುತ್ತದೆ. ಮೆಂತ್ಯ ಕಪ್ಪಾದರಂತೂ ಇಡೀ ಪುಡಿ ಕಹಿ. ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡು. ಪುಡಿಯಾದದ್ದರ ಪರಿಮಳ ಬೇಗ ಹಾರುತ್ತದೆ, ಆದ್ದರಿಂದ ಒಂದು ತಿಂಗಳಿಗಾಗುವಷ್ಟು ಸಾಕು.

ಕುದಿಸುವುದಕ್ಕೂ ಕ್ರಮವಿದೆ. ಬೀಜ, ಬೇರು, ತೊಗಟೆ ಗಟ್ಟಿ ಜಾತಿ. ಕುದಿಯದೆ ಸಾರ ಬಿಡವು. ತುಳಸಿ, ಪುದೀನ, ಮಜ್ಜಿಗೆಹುಲ್ಲು ಹಾಗಲ್ಲ. ಅವುಗಳ ಘಮವೆಲ್ಲ ಹಾರಿಹೋಗುವ ಎಣ್ಣೆಯಲ್ಲಿದೆ. ಕುದಿಸುತ್ತಾ ಹೋದರೆ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಬರೀ ನೀರು. ಒಲೆ ಆರಿಸಿ, ಎಲೆ ಹಾಕಿ, ಐದು ನಿಮಿಷ ಮುಚ್ಚಿಡು. ಆಯುರ್ವೇದದವರೂ ಕುದಿಸಿ ಇಳಿಸಿದ್ದಕ್ಕೆ ಕ್ವಾಥ, ಬಿಸಿನೀರಲ್ಲಿ ನೆನೆಸಿದ್ದಕ್ಕೆ ಫಾಂಟ ಅಂತ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಹಾಲು ಬೇಕೆಂದರೆ ಬೆಲ್ಲ ಕರಗಿ ಕುದಿದ ಮೇಲೆ ಒಲೆ ಆರಿಸಿ, ಕಾಯಿಸಿದ ಹಾಲು ಬೆರೆಸು. ಬೆಲ್ಲ, ಹಾಲು ಎರಡನ್ನೂ ಸೇರಿಸಿ ಕುದಿಸಿದರೆ ಒಡೆದೀತು.

ಇನ್ನು ಮುಖ್ಯವಾದದ್ದು, ಅಳತೆ. 2020ರಲ್ಲಿ ಕೊರೊನಾ ಬಂದಾಗ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಿರಿ ಅಂತ ಆಯುಷ್ ಸಚಿವಾಲಯ ಹೇಳಿತ್ತು. ನಮ್ಮ ಜನ 'ಒಂದೆರಡು' ಎಂಬುದನ್ನು ಮರೆತು ಕುಡಿದದ್ದೇ ಕುಡಿದದ್ದು. ಬಾಯಿ ಹುಣ್ಣು, ಎದೆಯುರಿ ಬಂದಮೇಲೆ ಕೊರೊನಾವನ್ನೇ ಬೈದರು. ಗಿಡಮೂಲಿಕೆ ಎಂದಾಕ್ಷಣ ನಿರಪಾಯ ಅಂದುಕೊಳ್ಳಬೇಡ. ಗಂಟಲಿಗೆ ಹಿತವಾದ ಜೇಷ್ಠಮಧುವನ್ನು ದಿನವೂ ಹೆಚ್ಚು ಕುಡಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಪೇಟೆಯಲ್ಲಿ ದಾಲ್ಚಿನ್ನಿ ಎಂದು ಸಿಗುವ ದಪ್ಪ, ಒರಟು ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಅದರಲ್ಲಿರುವ ಕೂಮರಿನ್ ಮಿತಿ ಮೀರಿದರೆ ಯಕೃತ್ತಿಗೆ ಕೆಟ್ಟದ್ದು. ತೆಳ್ಳಗೆ ಸುರುಳಿ ಸುರುಳಿಯಾಗಿರುವ ಸಿಲೋನ್ ದಾಲ್ಚಿನ್ನಿಯಲ್ಲಿ ಅದು ತೀರಾ ಕಡಿಮೆ.

ಮೊಬೈಲಿನಲ್ಲಿ ಯಾರೋ ತೋರಿಸಿದ ಎಲೆಯನ್ನು ಬೇಲಿಯಿಂದ ಕಿತ್ತು ಹಾಕಬೇಡ. ಗೆಳತಿಯರಿಗೆ ಲೋಟ ಕೊಡುವಾಗ ಬಿಪಿ ಇದೆಯೇ, ಮಾತ್ರೆ ನುಂಗುತ್ತಿದ್ದೀಯಾ, ಬಸುರಿಯೇ ಅಂತ ಸಂಕೋಚವಿಲ್ಲದೆ ಕೇಳು. ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ ಕಷಾಯದ ಪಾತ್ರೆ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗು. ಕಷಾಯ ನಾಲಿಗೆಗೆ ರುಚಿ, ಗಂಟಲಿಗೆ ಹಿತ; ಅದಕ್ಕಿಂತ ದೊಡ್ಡ ಹೊರೆ ಅದರ ಮೇಲೆ ಹೊರಿಸಬೇಡ.

ಮೊದಲ ವಾರ ಪುಡಿಯ ಗೋಜೂ ಬೇಡ. ಕೊತ್ತಂಬರಿ, ಜೀರಿಗೆ ಎರಡನ್ನೇ ಜಜ್ಜಿ ಕುದಿಸಿ ಕುಡಿ. ಅವೆರಡರ ರುಚಿ ನಾಲಿಗೆಗೆ ಗುರುತಾದ ಮೇಲೆ ಮೂರನೆಯದು, ಅದು ಒಗ್ಗಿತೆಂದರೆ ನಾಲ್ಕನೆಯದು. ಹೀಗೆ ಮಾಡಿದರೆ ಯಾವುದು ನಿನ್ನ ಹೊಟ್ಟೆಗೆ ಆಗುತ್ತದೆ, ಯಾವುದು ಆಗದು ಎಂಬುದನ್ನು ಇನ್ನೊಬ್ಬರಲ್ಲಿ ಕೇಳುವ ಪ್ರಮೇಯವೇ ಬಾರದು.