ಇಬ್ಬರು ವೈದ್ಯರು, ಎರಡು ಮಾತು

ನಿಮ್ಮ ಅತ್ತೆಯವರ ಕಾಮಾಲೆಗೆ ಅಮೃತಬಳ್ಳಿ ಕಷಾಯವೇ ಕಾರಣ ಎಂದು ಒಬ್ಬ ವೈದ್ಯರು, ಆಟೊಇಮ್ಯೂನ್ ಹೆಪಟೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬೀಳುವ ರೋಗ) ಎಂದು ಇನ್ನೊಬ್ಬರು ಹೇಳಿದ್ದಾರೆ. ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಇಬ್ಬರಲ್ಲಿ ಒಬ್ಬರು ದಡ್ಡರಾಗಿರಲೇಬೇಕೆಂದೇನಿಲ್ಲ. ಔಷಧಿಯಿಂದ ಲಿವರ್ ಕೆಟ್ಟಿದೆ ಎಂದು ಖಚಿತವಾಗಿ ತೋರಿಸುವ ರಕ್ತಪರೀಕ್ಷೆಯೇ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ಕೈಬಿಡುತ್ತ, ಉಳಿದದ್ದನ್ನು ಅಂದಾಜಿಸಬೇಕು. ಅಮೆರಿಕದಲ್ಲಿ ಇದೇ ಕೆಲಸಕ್ಕೆಂದು ಕೂತ ಲಿವರ್ ತಜ್ಞರ ಜಾಲ 2010ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಮೂವರು ಬೇರೆಬೇರೆಯಾಗಿ ಒಂದೇ ಕಡತ ಓದಿದಾಗ ಮೊದಲ ಸುತ್ತಿನಲ್ಲೇ ಪೂರ್ತಿ ಒಮ್ಮತ ಬಂದದ್ದು ಶೇ. 27 ಪ್ರಕರಣಗಳಲ್ಲಿ ಮಾತ್ರ. 'ರುಕಾಮ್' ಎಂಬ ಅಂಕಪಟ್ಟಿ ಹಿಡಿದಾಗ ಅದು ಇನ್ನೂ ಇಳಿಯಿತು, ಶೇ. 19ಕ್ಕೆ!

ಅಮೃತಬಳ್ಳಿಯದು ಇನ್ನೂ ಗೋಜಲು. ಅದರಿಂದ ಲಿವರ್ ಕೆಟ್ಟಿದೆ ಎಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ ಪ್ರಕರಣಗಳಲ್ಲಿ ಆಟೊಇಮ್ಯೂನ್ ಲಕ್ಷಣಗಳೇ ಕಂಡಿದ್ದವು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಆದರೂ ಆ ವರದಿಯಂತೆ ನೋಡಿದರೆ, ನಿಮ್ಮ ಇಬ್ಬರು ವೈದ್ಯರೂ ಒಂದೇ ರೋಗದ ಎರಡು ಮಗ್ಗುಲು ನೋಡುತ್ತಿರಬಹುದು.

ಕಷಾಯ ಈಗಲೇ ನಿಲ್ಲಿಸಿ; ಪರೀಕ್ಷಿಸಲೆಂದು ಮತ್ತೆ ಕುಡಿಸಬೇಡಿ. ಕಳೆದ ಆರು ತಿಂಗಳಲ್ಲಿ ತೆಗೆದುಕೊಂಡ ಮಾತ್ರೆ, ಪುಡಿ, ಲೇಹ್ಯ ಎಲ್ಲವನ್ನೂ ಶುರುವಾದ ದಿನಾಂಕದೊಡನೆ ಬರೆದುಕೊಡಿ. ಅತ್ತೆಯವರು "ಅದೇನು ಔಷಧಿಯೇ" ಎಂದು ಬಿಟ್ಟುಬಿಡುವ ಡಬ್ಬಿಯೇ ಮುಖ್ಯವಾಗಿರಬಹುದು. ಹೆಪಟೈಟಿಸ್ ಎ, ಬಿ, ಸಿ ಜೊತೆಗೆ ಇ ಪರೀಕ್ಷೆಯೂ ಆಗಿದೆಯೇ, ಬಯಾಪ್ಸಿ ಬೇಕೇ ಎಂದು ಕೇಳಿ. ಮಂಪರು, ಗೊಂದಲ, ರಕ್ತಸ್ರಾವ ಕಂಡರೆ ಈ ಚರ್ಚೆ ಬಿಟ್ಟು ತಕ್ಷಣ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.