ಎರಡು ಕಬ್ಬಿಣದ ಹಡಗುಗಳು, ಒಂದು ಅಗ್ಗದ ಚಿತ್ರ

1862ರ ಮಾರ್ಚ್ 9. ಅಮೆರಿಕದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿತ್ತು. ಗುಲಾಮರ ದುಡಿಮೆಯಿಂದ ಬೆಳೆದ ದಕ್ಷಿಣದ ಹತ್ತಿ ಹೊರದೇಶಕ್ಕೆ ಹೋಗದಂತೆ ಉತ್ತರದವರು ಬಂದರುಗಳನ್ನು ತಡೆಗಟ್ಟಿದ್ದರು. (ಹತ್ತಿಯ ಈ ಕೊರತೆಯಿಂದಲೇ ಇಂಗ್ಲೆಂಡಿನ ಗಿರಣಿಗಳು ಆಗ ನಮ್ಮ ಧಾರವಾಡದ ಹತ್ತಿಯನ್ನೂ ಹುಡುಕಿಕೊಂಡು ಬಂದವು.) ಈ ತಡೆಯನ್ನು ಮುರಿಯಲು ದಕ್ಷಿಣದವರು 'ವರ್ಜೀನಿಯಾ' ಎಂಬ ಕಬ್ಬಿಣದ ಹೊದಿಕೆಯ ಹಡಗನ್ನು ಕಳಿಸಿದರು. ಅದು ಉತ್ತರದವರ 'ಮೆರಿಮ್ಯಾಕ್' ಎಂಬ ಸುಟ್ಟ ಹಡಗಿನ ತಳದ ಮೇಲೆ ಕಟ್ಟಿದ್ದು. ಹಾಗಾಗಿ ಉತ್ತರದವರು ಅದನ್ನು ಹಳೆಯ ಹೆಸರಿನಿಂದಲೇ ಕರೆದರು. ಹ್ಯಾಂಪ್ಟನ್ ರೋಡ್ಸ್ ಎಂಬ ಹಡಗುದಾಣದಲ್ಲಿ ಉತ್ತರದ 'ಮಾನಿಟರ್' ಅದಕ್ಕೆ ಎದುರಾಯಿತು. ಸುಮಾರು ನಾಲ್ಕು ಗಂಟೆ ಕಾದಾಡಿದರೂ ಎರಡರಲ್ಲಿ ಒಂದೂ ಮುಳುಗಲಿಲ್ಲ, ಯಾರೂ ಗೆಲ್ಲಲಿಲ್ಲ.

ಆದರೆ ನ್ಯೂಯಾರ್ಕಿನ ಕರಿಯರ್ ಅಂಡ್ ಐವ್ಸ್ ಕಂಪನಿ ಅದೇ ವರ್ಷ ಮಾರಿದ ಚಿತ್ರದ ಅಡಿಬರಹದಲ್ಲಿ, ಪುಟ್ಟ ಮಾನಿಟರ್ ಮೆರಿಮ್ಯಾಕನ್ನು ಚೆನ್ನಾಗಿ ಬಡಿಯಿತು ಎಂಬ ಅರ್ಥದ ಮಾತಿದೆ. ಮಾನಿಟರಿಗೆ 2 ಫಿರಂಗಿ, ಮೆರಿಮ್ಯಾಕಿಗೆ 10 ಎಂದು ಲೆಕ್ಕವನ್ನೂ ಕೊಟ್ಟಿದ್ದಾರೆ. ಲೆಕ್ಕ ಸರಿಯೇ. ಆದರೆ ಮಾನಿಟರಿನ ಆ ಎರಡು ಫಿರಂಗಿಗಳು ತಿರುಗುವ ಗೋಪುರದಲ್ಲಿದ್ದು, ಹಡಗು ತಿರುಗದೆಯೂ ಬೇರೆ ದಿಕ್ಕಿಗೆ ಗುಂಡು ಹಾರಿಸಬಲ್ಲವಾಗಿದ್ದವು. 2ಕ್ಕೆ 10 ಎಂದಷ್ಟೇ ಓದಿದವರಿಗೆ ಇದು ಹೊಳೆಯುವುದಿಲ್ಲ. ಕೊಳ್ಳುವವರು ಹೆಚ್ಚಾಗಿ ಉತ್ತರದವರು. ಅವರಿಗೆ ಬೇಕಾದದ್ದು ಗೆಲುವು. ಕಂಪನಿ ಅದನ್ನೇ ಮಾರಿತು.

ಕಾಮರ್ಸ್ ಗೆಳೆಯರಿಗೆ ಇನ್ನೊಂದು ವಿಷಯ: ಜೇಮ್ಸ್ ಐವ್ಸ್ ಈ ಅಂಗಡಿಗೆ ಸೇರಿದ್ದು ಲೆಕ್ಕ ಬರೆಯಲು! 1857ರಲ್ಲಿ ಪಾಲುದಾರರಾದರು. ಇವರದ್ದು ಕಲ್ಲಚ್ಚು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ ಶಾಯಿ ಹಚ್ಚಿದರೆ, ಶಾಯಿ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ. ನಮ್ಮ ಮನೆಮಾತು ಉರ್ದು. ಉರ್ದುವಿನ ಹಳೆಯ ಪುಸ್ತಕಗಳೂ ಹೆಚ್ಚಾಗಿ ಹೀಗೆಯೇ ಅಚ್ಚಾದವು. ಕಾತಿಬರ ಕೈಬರಹ ಹಾಗೆಯೇ ಕಾಗದಕ್ಕೆ ಇಳಿಯುತ್ತಿತ್ತು. ನ್ಯೂಯಾರ್ಕಿನಲ್ಲಿ ಕಪ್ಪು ಅಚ್ಚಿಗೆ ಬಣ್ಣ ತುಂಬುತ್ತಿದ್ದವರು ಸಾಲಾಗಿ ಕೂತ ಹೆಂಗಸರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ನಾವು ಓದುವ ಶ್ರಮ ವಿಭಜನೆಯೇ. ಸಣ್ಣ ಚಿತ್ರಗಳು 15ರಿಂದ 25 ಸೆಂಟಿಗೆ ಸಿಗುತ್ತಿದ್ದವು.

ಗೋಡೆಗೆ ಅಂಟಿಸಲೆಂದು ಕೊಂಡ ಇಂಥ ಹಾಳೆಗಳನ್ನು ಈಗ ಸಂಗ್ರಾಹಕರು ಹುಡುಕುತ್ತಾರೆ. ಮುಂದೆ ಕ್ಯಾಲೆಂಡರುಗಳಲ್ಲಿ ಇವುಗಳ ನಕಲು ಬಹಳ ಬಂದದ್ದರಿಂದ ಭೂತಗನ್ನಡಿ ಬೇಕೇ ಬೇಕು. ಸಾಲಾಗಿ ಜೋಡಿಸಿದ ಚುಕ್ಕಿಗಳು ಕಂಡರೆ ಅದು ನಂತರದ ಅಚ್ಚು. ಕಲ್ಲಚ್ಚಿನಲ್ಲಿ ಕಾಣುವುದು ಕ್ರಮವಿಲ್ಲದ ಹರಳು ಹರಳು ಗೆರೆ.

ಕಾಳಗದ ಹಿಂದಿನ ದಿನದ್ದೂ ಒಂದು ಚಿತ್ರವಿದೆ. ಮಾರ್ಚ್ 8ರಂದು ವರ್ಜೀನಿಯಾ ಉತ್ತರದವರ 'ಕಂಬರ್ಲ್ಯಾಂಡ್' ಎಂಬ ಮರದ ಹಡಗಿಗೆ ಗುದ್ದಿ ಮುಳುಗಿಸಿತು. ನೀರು ಏರುತ್ತಿದ್ದರೂ ನಾವಿಕರು ಗುಂಡು ಹಾರಿಸುತ್ತಲೇ ಇದ್ದರು. ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಕಂಪನಿ ಅದನ್ನೂ ಮಾರಿತು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನಗೆ ಇದೇ ಸಾಕು. ಇಲ್ಲಿ ಮುಳುಗುತ್ತಿರುವುದು ಕೊಳ್ಳುವವರದೇ ಹಡಗು, ಅಡಿಬರಹವೂ ಮುಳುಗಿತು ಎಂದೇ ಹೇಳುತ್ತದೆ.