ಅಪ್ಪನ ಸಾಲ, ಅಮ್ಮನ ಪುಟ

ತಿಂಗಳ ಏಳನೇ ತಾರೀಖು ಬಂತೆಂದರೆ ನಮ್ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಸಂಬಳದ ಕವರ್ ಜಾಲಹಳ್ಳಿಯ ವಠಾರ ಮುಟ್ಟುವ ಹೊತ್ತಿಗೆ ಅರ್ಧ ಖಾಲಿ. ಉಳಿದದ್ದನ್ನು ಕೇಳಿದರೆ ಅಮ್ಮನಿಗೆ ಏಟು. ಇದೇ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಅಲ್ಲಿನ ಕ್ವಾರ್ಟರ್ಸ್ ಮಕ್ಕಳು ಸಂಬಳದ ದಿನ ಸಿಹಿ ಪೊಟ್ಟಣ ಕಾಯುತ್ತಿದ್ದರು. ನಾವು ಚಿಲಕದ ಸದ್ದು ಕಾಯುತ್ತಿದ್ದೆವು.

ಅಮ್ಮ ರಾಗಿ ಡಬ್ಬದಲ್ಲಿ ದುಡ್ಡು ಬಚ್ಚಿಡುತ್ತಿದ್ದಳು. ಒಂದು ರಾತ್ರಿ ಅಪ್ಪ ಡಬ್ಬವನ್ನೇ ಅಂಗಳಕ್ಕೆ ಸುರಿದ. ನಾನೂ ತಂಗಿಯೂ ಕೂತು ರಾಗಿ ಬಾಚಿ ತುಂಬಿದೆವು. ಆಮೇಲೆ ಅಮ್ಮನ ದುಡ್ಡು ಗಂಗಮ್ಮನಗುಡಿ ಕಡೆಯ ಕಿರಾಣಿ ಅಂಗಡಿಗೆ ಹೋಗತೊಡಗಿತು. ಅಂಗಡಿಯಾಕೆ ಐವತ್ತು, ನೂರು ಇಟ್ಟುಕೊಂಡು ಉದ್ರಿ ಪುಸ್ತಕದಲ್ಲೇ ಅಮ್ಮನ ಹೆಸರಿಗೊಂದು ಪುಟ ತೆರೆದಳು.

2008ರಲ್ಲಿ ಅಪ್ಪ ತೀರಿಕೊಂಡ. ತಿಥಿ ಮುಗಿಯುವ ಮೊದಲೇ ಮೀಟರ್ ಬಡ್ಡಿಯವರು ಬಾಗಿಲಿಗೆ ಬಂದರು. ಎಲ್ಲ ಹಿಂದಿನ ವರ್ಷದ ಕೈಸಾಲ. ನನಗೆ ಇಪ್ಪತ್ತೆರಡು. ಅಪ್ಪನ ಸಾಲ ಮಗನ ತಲೆಗೆ ಎಂಬ ಮಾತು ಕೇಳಿಯೇ ಬೆಳೆದಿದ್ದೆ. ಅಮ್ಮನಿಗೆ ಬಂದ 41 ಸಾವಿರ ಪಿಎಫ್ ಹಣವನ್ನು ನಾನೇ ಎಣಿಸಿ ಅವರ ಕೈಗಿಟ್ಟೆ. ಉಳಿದದ್ದಕ್ಕೆ ಐದು ವರ್ಷ ನನ್ನ ಸಂಬಳ ಹೋಯಿತು. ತಂಗಿಯ ಡಿಗ್ರಿ ಎರಡನೇ ವರ್ಷಕ್ಕೇ ನಿಂತಿತು. ಅದೊಂದು ಇವತ್ತಿಗೂ ನನ್ನನ್ನು ಮಲಗಗೊಡುವುದಿಲ್ಲ.

ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿಯ ನಂತರದ ಸಾಲಕ್ಕೆ, ಮಗನ ಧರ್ಮ ಎಂಬ ಒಂದೇ ಕಾರಣ ಹಿಡಿದು ಯಾರೂ ಮಗನ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ತೀರಿಕೊಂಡವರು ಬಿಟ್ಟುಹೋದ ಆಸ್ತಿ ಎಷ್ಟೋ ಅಷ್ಟರಿಂದ ಮಾತ್ರ ವಸೂಲಿ. ನಮ್ಮಪ್ಪ ಬಿಟ್ಟದ್ದು ಒಂದು ಸೈಕಲ್. ಪಿಎಫ್ ಹಣವಂತೂ 1952ರ ಕಾಯ್ದೆಯ ಪ್ರಕಾರ ನಾಮಿನಿಯಾಗಿದ್ದ ಅಮ್ಮನದು. ಸತ್ತವರ ಸಾಲ ಅದಕ್ಕೆ ಅಂಟುತ್ತಿರಲಿಲ್ಲ. ಜಾಮೀನು ರುಜು ಹಾಕಿದ್ದರೆ ಮಾತು ಬೇರೆ, ಆಗ ಸಾಲ ಪೂರ್ತಿ ನಮ್ಮದೇ. ನಾನು ಎಲ್ಲೂ ರುಜು ಹಾಕಿರಲಿಲ್ಲ. ಇನ್ನು ಮೀಟರ್ ಬಡ್ಡಿಯನ್ನು ತಡೆಯಲೆಂದೇ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆ ಇತ್ತು. ಸಾವಿನ ಮನೆಗೆ ಸಾಲ ಕೇಳಿ ಬಂದವರಿಗೆ ಆ ದಿನ ಏನನ್ನೂ ಕೊಡಬೇಡಿ, ಯಾವುದಕ್ಕೂ ರುಜು ಹಾಕಬೇಡಿ. ಪತ್ರ ತೋರಿಸಿ ಎನ್ನಿ. ತಾಲ್ಲೂಕು, ಜಿಲ್ಲಾ ಕೋರ್ಟುಗಳ ಕಾನೂನು ಸೇವಾ ಕಚೇರಿಯಲ್ಲಿ ಹೆಂಗಸರಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ.

ಕೊನೆಯ ಕಂತು ಕಟ್ಟಿದ ವಾರ ಅಮ್ಮ ಕಿರಾಣಿ ಅಂಗಡಿಯ ವಿಷಯ ಎತ್ತಿದಳು. ಅವಳ ಪುಟದಲ್ಲಿ ಬಾಕಿ 1,840 ರೂಪಾಯಿ. ಅಪ್ಪ ಹೋದ ತಿಂಗಳು ನಾವು ಉಂಡ ಅಕ್ಕಿ, ಬೇಳೆ, ಎಣ್ಣೆಯದು. ಐದು ವರ್ಷದಲ್ಲಿ ಅಂಗಡಿಯಾಕೆ ಒಮ್ಮೆಯೂ ಕೇಳಿರಲಿಲ್ಲ. ಅಮ್ಮನನ್ನು ಕರೆದುಕೊಂಡು ಹೋದೆ. ದುಡ್ಡನ್ನು ನಾನು ಕೊಡಲಿಲ್ಲ, ಅಮ್ಮನೇ ಎಣಿಸಿ ಕೊಟ್ಟಳು.